ಆರಿದ ಕಾಫಿ, ಬೆಚ್ಚಗಾಗದ ಮಗ್ಗು

ಪ್ರಶ್ನೆ: ಮಾಸ್ತರರೇ, ನಮ್ಮದು ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ಒಳಗೆ ತೋಟದ ಮನೆ. ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರವನ್ನು ಇಲ್ಲಿಂದಲೇ ನೋಡುತ್ತೇನೆ. ಮಳೆಗಾಲದಲ್ಲಿ ಮೀಟಿಂಗ್ ಮುಗಿಯುವಷ್ಟರಲ್ಲಿ ಕಾಫಿ ಆರಿ ನೀರಾಗಿರುತ್ತದೆ. ನನ್ನ ತಮ್ಮ ಒಂದು ಯುಎಸ್‌ಬಿ ಬಿಸಿತಟ್ಟೆಯನ್ನೂ ಎರಡು ಗೋಡೆಯ ಸ್ಟೀಲ್ ಮಗ್ಗನ್ನೂ ಕಳಿಸಿಕೊಟ್ಟ. ಮಗ್ಗನ್ನು ತಟ್ಟೆಯ ಮೇಲೆ ಇಟ್ಟರೂ ಕಾಫಿ ಆರುತ್ತದೆ. ತಟ್ಟೆ ಕೆಟ್ಟಿದೆಯೇ? ಬ್ಯಾಟರಿ ಮಗ್ಗು ಕೊಳ್ಳಲೇ?

ಉತ್ತರ: ತಟ್ಟೆ ಕೆಟ್ಟಿಲ್ಲ, ಮಗ್ಗೂ ಕೆಟ್ಟಿಲ್ಲ. ಒಂದರ ಮೇಲೊಂದು ಕೂರಿಸಿದ್ದೇ ತೊಂದರೆ. ಅಂಥ ಮಗ್ಗಿನ ಎರಡು ಗೋಡೆಗಳ ನಡುವಿನ ಗಾಳಿ ತೆಗೆದಿರುತ್ತಾರೆ. 1892ರಲ್ಲಿ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿ ದ್ರವವಾಗಿಸಿದ ಅನಿಲಗಳನ್ನು ಕಾಪಾಡಲು ಕಂಡುಕೊಂಡ ಉಪಾಯ ಅದು, ಆಮೇಲೆ ಥರ್ಮಾಸಿಗೆ ಬಂತು. ಒಳಗಿನ ಬಿಸಿ ಹೊರಗೆ ಹೋಗದು ಎಂದ ಮೇಲೆ ಹೊರಗಿನ ಬಿಸಿಯೂ ಒಳಗೆ ಬಾರದು. ತಟ್ಟೆ ಪಾಪ, ಹೊರಗಿನ ತಳವನ್ನಷ್ಟೇ ಕಾಯಿಸುತ್ತ ಕೂತಿದೆ.

ಹಾಗಾದರೆ ಪಿಂಗಾಣಿ ಕಪ್ಪು ಇಡುತ್ತೇನೆ ಎನ್ನುತ್ತೀರಿ. ಅದಕ್ಕೂ ಮೊದಲು ಒಂದು ಲೆಕ್ಕ, ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನ ಚಟ, ಸಹಿಸಿಕೊಳ್ಳಿ. ಮನೆಯಲ್ಲಿ 200 ಮಿಲಿಲೀಟರ್ ಕಾಫಿಯನ್ನು ಪಿಂಗಾಣಿ ಮಗ್ಗಿಗೆ ಹಾಕಿ ಥರ್ಮಾಮೀಟರ್ ಇಳಿಬಿಟ್ಟೆ. 60 ಡಿಗ್ರಿಯ ಆಸುಪಾಸಿನಲ್ಲಿ ನಿಮಿಷಕ್ಕೆ ಒಂದು ಡಿಗ್ರಿ ಇಳಿಯಿತು. ಅಂದರೆ ಸುಮಾರು 14 ವ್ಯಾಟ್ ಸೋರಿಹೋಗುತ್ತಿದೆ. ಕಂಪ್ಯೂಟರಿನ ಹಳೆಯ ಯುಎಸ್‌ಬಿ ಕಿಂಡಿ ಕೊಡುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಎರಡೂವರೆ ವ್ಯಾಟ್. ಹೊಸದು ಕೊಂಚ ಹೆಚ್ಚು ಕೊಟ್ಟೀತು. ಕೊಡ ತೂತಾಗಿರುವಾಗ ಚಮಚದಲ್ಲಿ ನೀರು ತುಂಬಿದ ಹಾಗೆ. ಗೋಡೆಯ ಪ್ಲಗ್ಗಿಗೆ ಹಾಕುವ 20 ವ್ಯಾಟಿನ ತಟ್ಟೆಯಾದರೆ ಕೆಲಸ ಮಾಡುತ್ತದೆ. ಆದರೆ ತಳ ಚಪ್ಪಟೆ ಇರಬೇಕು. ಪಿಂಗಾಣಿ ಕಪ್ಪಿನ ಅಡಿಯ ಉಂಗುರದೊಳಗೆ ಗಾಳಿ ನಿಂತು ಒಂದಷ್ಟು ಬಿಸಿ ಅಲ್ಲೇ ಕಳೆಯುತ್ತದೆ. ಮತ್ತೆ ನಿಮ್ಮ ಊರಿನ ಆಷಾಢದ ಕರೆಂಟು ನಿಮಗೇ ಗೊತ್ತು.

ಬಿಸಿ ಸೋರುವುದು ಹೆಚ್ಚಾಗಿ ಮೇಲಿನಿಂದ, ಆವಿಯಾಗಿ. ನಮ್ಮ ಮನೆಯ ಸಣ್ಣ ಸ್ಟೀಲ್ ಲೋಟದಲ್ಲಿ 74 ಡಿಗ್ರಿಯ ಕಾಫಿ ಹತ್ತು ನಿಮಿಷಕ್ಕೆ 55ಕ್ಕೆ ಬಂತು. ಅದೇ ಲೋಟದ ಮೇಲೆ ಹೆಂಡತಿ ಚಟ್ನಿ ಬಟ್ಟಲು ಮುಚ್ಚಿದಾಗ 62ರಲ್ಲಿ ಇತ್ತು. ಆ ಬಟ್ಟಲಿಗೆ ನಾವು ಕೊಟ್ಟ ದುಡ್ಡು ಸೊನ್ನೆ.

ಬ್ಯಾಟರಿ ಮಗ್ಗಿನ ವಿಷಯ. 2016ರಲ್ಲಿ ಬಂದ ಎಂಬರ್ ಎಂಬುದು ಇವುಗಳಲ್ಲಿ ಹೆಸರಾದದ್ದು. ಫೋನಿನಲ್ಲಿ 50ರಿಂದ 62 ಡಿಗ್ರಿಯವರೆಗೆ ಎಷ್ಟು ಬೇಕೆಂದು ಹೇಳಿದರೆ ಅಲ್ಲೇ ಹಿಡಿದಿಡುತ್ತದೆ. ಚಾರ್ಜಿಂಗ್ ತಟ್ಟೆಯಿಂದ ಎತ್ತಿದರೆ ಸುಮಾರು ಒಂದೂವರೆ ತಾಸು. ಅಳಿಯನ ಮನೆಯಲ್ಲಿ ಕುಡಿದು ನೋಡಿದ್ದೇನೆ, ಸುಳ್ಳಿಲ್ಲ, ಮುಕ್ಕಾಲು ತಾಸಿನ ಮೇಲೂ ಮೊದಲ ಗುಟುಕಿನಷ್ಟೇ ಬಿಸಿ. ಆದರೆ ಅದು ಹಾಲು ಹಾಕದ ಕಾಫಿಯವರ ಮಗ್ಗು. ನಮ್ಮ ಹಾಲಿನ ಕಾಫಿ ಅಷ್ಟು ಹೊತ್ತು ಬಿಸಿಯಲ್ಲಿ ಕೂತರೆ ಕೆನೆ ಕಟ್ಟಿ, ಮರುಕಾಯಿಸಿದ ರುಚಿ ಬರುತ್ತದೆ. ಅಮೆರಿಕದಲ್ಲೇ ನೂರು ಡಾಲರ್ ದಾಟುವ ಸಾಮಾನಿಗೆ ನಾನಂತೂ ಅಡಿಕೆ ಮಾರುವುದಿಲ್ಲ.

ಇನ್ನೊಂದು ಜಾತಿ ಇದೆ, ಅದು ಚಂದ. ಕಾಫಿ ಬೀಜದ ಆಕಾರದ ಸ್ಟೀಲ್ ಗುಂಡುಗಳು, 2011ರಲ್ಲಿ ‘ಕಾಫಿ ಜೂಲೀಸ್’ ಎಂಬ ಹೆಸರಿನಲ್ಲಿ ಬಂದವು. ಒಳಗೆ ಸುಮಾರು 60 ಡಿಗ್ರಿಗೆ ಕರಗುವ ವಸ್ತು. ನಿಮ್ಮಲ್ಲಿ ಮಾಗಿಯ ಚಳಿಗೆ ತೆಂಗಿನೆಣ್ಣೆ ಶೀಸೆಯಲ್ಲಿ ಗಟ್ಟಿಯಾಗುತ್ತದಲ್ಲ, ಅದು 24 ಡಿಗ್ರಿ ಹತ್ತಿರದ ಆಟ, ಇದು 60ರದ್ದು. ಕಾಫಿ ಸುಡುವಾಗ ಬಿಸಿ ಹೀರಿ ಕರಗುತ್ತದೆ, ಕಾಫಿ ಆರತೊಡಗಿದಾಗ ಮತ್ತೆ ಗಟ್ಟಿಯಾಗುತ್ತ ಆ ಬಿಸಿಯನ್ನು ವಾಪಸು ಕೊಡುತ್ತದೆ. ಕರೆಂಟು ಬೇಡ. ನಮ್ಮ ಲೋಟಕ್ಕೆ ನಾಲ್ಕು ಗುಂಡು ಹಾಕಿದರೆ ಕಾಫಿಗೆ ಜಾಗ ಉಳಿಯುವುದಿಲ್ಲ, ಅಷ್ಟೇ.

ನೀವು ಮಾಡಬೇಕಾದದ್ದು: ಸ್ಟೀಲ್ ಮಗ್ಗಿಗೆ ಕುದಿನೀರು ಹಾಕಿ ಎರಡು ನಿಮಿಷ ಬಿಟ್ಟು ಚೆಲ್ಲಿ. ಕಾಫಿಯನ್ನು ಎರಡು ಲೋಟದಲ್ಲಿ ಎತ್ತಿ ಹೊಯ್ದು, ಕುಡಿಯುವ ಹದಕ್ಕೆ ತಂದ ಮೇಲೆಯೇ ಮಗ್ಗಿಗೆ ಹಾಕಿ ಮುಚ್ಚಿ. ಸುಡುವುದನ್ನು ಹಾಕಿದರೆ ಅದು ಆರುವುದೇ ಇಲ್ಲ, ಮೊದಲ ಅರ್ಧ ತಾಸು ನಾಲಗೆ ಸುಟ್ಟುಕೊಳ್ಳುತ್ತೀರಿ. ಯುಎಸ್‌ಬಿ ತಟ್ಟೆಯನ್ನು ಎಸೆಯಬೇಡಿ. ಡಿಸೆಂಬರಿನಲ್ಲಿ ತಲೆಗೆ ಹಚ್ಚುವ ಎಣ್ಣೆಯ ಬಟ್ಟಲು ಇಡಲು ಎರಡೂವರೆ ವ್ಯಾಟ್ ಧಾರಾಳ. ತಮ್ಮನಿಗೆ ಉಪಯೋಗವಾಯಿತು ಎಂದು ಹೇಳಲಿಕ್ಕೂ ಅಡ್ಡಿಲ್ಲ.

ಪ್ರಶ್ನೆ: ಕಾರವಾರದ ಬೈತಖೋಲಿನಿಂದ ಬೆಳಗಿನ ಜಾವ ಮೂರಕ್ಕೆ ಬೋಟು ಬಿಡುತ್ತೇವೆ. ಫ್ಲಾಸ್ಕಿನ ಕಾಫಿ ಎಂಟು ಗಂಟೆಗೂ ಬೆಚ್ಚಗಿರುತ್ತದೆ, ಆದರೆ ಹುಳಿ ವಾಸನೆ. ಫ್ಲಾಸ್ಕು ಬದಲಿಸಬೇಕೇ?

ಉತ್ತರ: ಬೇಡ. ಹಾಲು ಬೆಚ್ಚಗೆ, ಅಂದರೆ 60 ಡಿಗ್ರಿಗಿಂತ ಕೆಳಗೆ, ತಾಸುಗಟ್ಟಲೆ ಕೂತರೆ ಹುಳಿಯುವುದು ಸಹಜ. ಡಿಕಾಕ್ಷನ್ನಿಗೆ ಕುದಿನೀರು ಬೆರೆಸಿ ಫ್ಲಾಸ್ಕು ಕಂಠಮಟ್ಟ ತುಂಬಿ, ಹಾಲಿನ ಪುಡಿಯನ್ನು ಡಬ್ಬಿಯಲ್ಲಿ ಒಯ್ದು ಕುಡಿಯುವಾಗ ಕಲಸಿಕೊಳ್ಳಿ. ಮುಚ್ಚಳದ ರಬ್ಬರ್ ಉಂಗುರ ಬಿಚ್ಚಿ ತೊಳೆದು ಎಷ್ಟು ದಿನವಾಯಿತು? ವಾಸನೆ ಅಡಗಿರುವುದು ಹೆಚ್ಚಾಗಿ ಅಲ್ಲಿ.

ಪ್ರಶ್ನೆ: ಕುಮಟೆಯಲ್ಲಿರುವ ನಮ್ಮ ಅತ್ತೆಗೆ ಒಲೆಯಿಂದ ಇಳಿಸಿದ ಕೂಡಲೇ ಕಾಫಿ ಬೇಕು. ಅಷ್ಟು ಬಿಸಿ ಕುಡಿಯಬಹುದೇ?

ಉತ್ತರ: ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ 65 ಡಿಗ್ರಿಗಿಂತ ಬಿಸಿಯಾದ ಪೇಯಗಳನ್ನು ಅನ್ನನಾಳದ ಕ್ಯಾನ್ಸರ್ ತರುವ ಸಂಭವ ಇರುವವುಗಳ ಪಟ್ಟಿಗೆ ಸೇರಿಸಿತು. ತಪ್ಪು ಕಾಫಿಯದಲ್ಲ, ಬಿಸಿಯದು. ಇದನ್ನೆಲ್ಲ ಅತ್ತೆಯ ಎದುರು ಓದಿ ಹೇಳಲು ಹೋಗಬೇಡಿ. ಲೋಟದ ಬದಲು ಅಗಲ ಬಾಯಿಯ ಬಟ್ಟಲಿನಲ್ಲಿ ಕೊಡಿ.