ಪಕ್ಕದ ರೂಮಿನ ಕಂಪ್ಯೂಟರಿಗೆ ನೆಟ್ ಪ್ಲಾನ್ ಯಾಕೆ?

ಪ್ರಶ್ನೆ: ಮೊಬೈಲಿನ ಸ್ಪೀಡ್ ಬೂಸ್ಟರ್ ಆ್ಯಪ್ ಹಾಕಿದರೆ ವೈಫೈ ಜೋರಾಗುತ್ತಾ?
ಇಲ್ಲ. ಕಿತ್ತು ಹಾಕಿ.

ಪ್ರಶ್ನೆ: ಆಫೀಸು ರೂಮಿನ ಡೆಸ್ಕ್‌ಟಾಪನ್ನು ಹಾಲ್‌ನಲ್ಲಿ ಕೂತು ಲ್ಯಾಪ್‌ಟಾಪಿನಿಂದ ರಿಮೋಟ್‌ನಲ್ಲಿ ತೆರೆದರೆ ಮೌಸ್ ತಡೆದು ತಡೆದು ಓಡುತ್ತದೆ. ಪ್ಲಾನ್ 100 ಎಂಬಿಪಿಎಸ್‌ನಿಂದ 300ಕ್ಕೆ ಏರಿಸಿದೆ, ಹಾಗೇ ಇದೆ. (ಸೋಮವಾರಪೇಟೆ)

ಪ್ಲಾನ್ ಏರಿಸಿ ಅಂದವರು ಯಾರು ಸ್ವಾಮಿ? ವಾರಕ್ಕೊಬ್ಬರು ಇದನ್ನೇ ಕೇಳುತ್ತಾರೆ, ಅಷ್ಟರಲ್ಲಿ ದುಡ್ಡು ಕಟ್ಟಿ ಆಗಿರುತ್ತದೆ. ಎರಡೂ ಒಂದೇ ರೂಟರಿನಲ್ಲಿದ್ದು ನೀವು ಐಪಿ ವಿಳಾಸ (ಮನೆಯ ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿನ ನಂಬರು) ಕೊಟ್ಟು ನೇರ ಸೇರಿದರೆ ಡೆಸ್ಕ್‌ಟಾಪಿನ ಪರದೆಯ ಚಿತ್ರ ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಆಟಿ ಮಳೆಗೆ ಮರ ಬಿದ್ದು ಊರಿಡೀ ನೆಟ್ ಹೋದರೂ, ರೂಟರಿಗೆ ಕರೆಂಟ್ ಇದ್ದರೆ ಅದು ನಡೆಯಬೇಕು.

ಲ್ಯಾಪ್‌ಟಾಪಿನಿಂದ ಡೆಸ್ಕ್‌ಟಾಪಿಗೆ ಪಿಂಗ್ (ಒಂದು ಪುಟ್ಟ ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಅಂತ ಅಳೆಯುವ ಕಮಾಂಡ್) ಕೊಟ್ಟು ಸ್ವಲ್ಪ ಹೊತ್ತು ಸುಮ್ನೆ ನೋಡಿ. 3, 4, 3 ಮಿಲಿಸೆಕೆಂಡ್ ಅಂತ ಬಂದರೆ ಸರಿ. 4, 180, 5, 240 ಅಂತ ಕುಣಿದರೆ ಕಾಯಿಲೆ ವೈಫೈಯದ್ದು. ಸರಾಸರಿ ನೋಡಬೇಡಿ, ಮೌಸ್ ತಡೆಯುವುದು ಆ 240ರಲ್ಲಿ. ಎರಡೂ ಕಂಪ್ಯೂಟರ್ ವೈಫೈಯಲ್ಲೇ ಇದ್ದರೆ ಪ್ರತಿ ಚಿತ್ರವೂ ಗಾಳಿಯಲ್ಲಿ ಎರಡು ಸಲ ಹೋಗಬೇಕು: ಡೆಸ್ಕ್‌ಟಾಪಿನಿಂದ ರೂಟರಿಗೊಮ್ಮೆ, ಅಲ್ಲಿಂದ ಲ್ಯಾಪ್‌ಟಾಪಿಗೆ ಇನ್ನೊಮ್ಮೆ. ಡೆಸ್ಕ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿ, ಅರ್ಧ ಭಾರ ಅಲ್ಲೇ ಇಳಿಯುತ್ತದೆ. ಲ್ಯಾಪ್‌ಟಾಪನ್ನು ವೈಫೈಯ ಎರಡು ಬ್ಯಾಂಡ್‌ಗಳಲ್ಲಿ 5 ಗಿಗಾಹರ್ಟ್ಸ್‌ಗೆ ಹಾಕಿ, ಆದರೆ ನಮ್ಮ ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆ ದಾಟುವಾಗ ಅದು ಸೋಲುತ್ತದೆ, ಆಗ ಇನ್ನೊಂದಾದ 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಯಾವುದು ಖಾಲಿ ಇದೆಯೋ ಅದು. ವೈಫೈ ಅಡಾಪ್ಟರಿನ ಪವರ್ ಸೇವಿಂಗ್ ಆಫ್ ಮಾಡಿ.

ಕೇಬಲ್ ಅಂದ ಕೂಡಲೇ ಬಂಗಲೆಯಿಂದ ಕಣದ ಪಕ್ಕದ ಆಫೀಸಿಗೆ ತೋಟದ ಮೇಲೆ ಎಳೆಯಲು ಹೊರಡಬೇಡಿ. ತಾಮ್ರದ ಲ್ಯಾನ್ ಕೇಬಲ್ 100 ಮೀಟರಿಗಿಂತ ಜಾಸ್ತಿ ನಡೆಯುವುದಿಲ್ಲ, ಅದಿರಲಿ, ಏಪ್ರಿಲ್-ಮೇ ಸಿಡಿಲಿಗೆ ಎರಡೂ ತುದಿಯ ಪೆಟ್ಟಿಗೆ ಸುಟ್ಟು ಕೂರುತ್ತವೆ. ಎರಡು ಕಟ್ಟಡದ ನಡುವೆ ಫೈಬರ್ (ಬೆಳಕಿನಲ್ಲಿ ಡೇಟಾ ಸಾಗಿಸುವ ಗಾಜಿನ ಎಳೆ), ತುದಿಗೊಂದು ಮೀಡಿಯಾ ಕನ್ವರ್ಟರ್, ಅಂದರೆ ಫೈಬರನ್ನು ಲ್ಯಾನ್ ಕೇಬಲಿಗೆ ಹೊಂದಿಸುವ ಪೆಟ್ಟಿಗೆ. ಇದರಲ್ಲಿ ನಾನು ಪುಕ್ಕಲ, ನೀವೂ ಹಾಗೇ ಇರಿ.

ಪಿಂಗ್ ಸರಿ ಇದ್ದೂ ಚಿತ್ರ ಎಳೆದರೆ ರೆಸಲ್ಯೂಶನ್ ಇಳಿಸಿ. 1920×1080ರ ಪರದೆಯನ್ನು ಸೆಕೆಂಡಿಗೆ 30 ಸಲ ಹಾಗೇ ಕಳಿಸಿದರೆ ಸುಮಾರು 1.5 ಜಿಬಿಪಿಎಸ್ (1,500 ಎಂಬಿಪಿಎಸ್), ಅದನ್ನು ಕುಗ್ಗಿಸುವ ಕೆಲಸ ಡೆಸ್ಕ್‌ಟಾಪಿನ ಹಳೇ ಪ್ರೊಸೆಸರಿನದ್ದು. ರಿಮೋಟ್‌ನಲ್ಲಿ ಯೂಟ್ಯೂಬ್ ನೋಡುವವರಿಗೆ ನನ್ನ ಬಳಿ ಮದ್ದಿಲ್ಲ.

ಪ್ರಶ್ನೆ: ವಿಂಡೋಸ್ ಹೋಮ್ ಇರುವ ಕಂಪ್ಯೂಟರನ್ನು ರಿಮೋಟ್ ಡೆಸ್ಕ್‌ಟಾಪಿನಿಂದ ತೆರೆಯಬಹುದಾ?
ಅದರಿಂದ ಬೇರೆಯದನ್ನು ತೆರೆಯಬಹುದು, ಅದನ್ನೇ ತೆರೆಯಲಾಗದು. ವಿಂಡೋಸ್ ಪ್ರೊ ಬೇಕು, ಇಲ್ಲವೇ ರಿಮೋಟ್‌ಗೆ ಬೇರೆಯದೇ ಸಾಫ್ಟ್‌ವೇರ್ ಆದ ವಿಎನ್‌ಸಿ. ಯಾರೋ ಕೊಟ್ಟ ಪ್ಯಾಚ್ ಹಾಕಬೇಡಿ.

ಪ್ರಶ್ನೆ: ಮೈಸೂರಿನಿಂದ ಮನೆಯ ಕಂಪ್ಯೂಟರ್ ನೋಡಲು ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ (ಹೊರಗಿನ ನೆಟ್‌ನಿಂದ ಒಳಬರುವ ಬಾಗಿಲು) ತೆರೆಯಲಾ?
ಬೇಡ ಅಂದರೆ ಬೇಡ! ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಬರುವ ಬೀಗ ಹಾಕಿದ ದಾರಿ) ಹಾಕಿಸಿ. ಈಗಾಗಲೇ ತೆರೆಸಿದ್ದರೆ, ಪೋರ್ಟ್ ತೆರೆದುಕೊಟ್ಟು ದುಡ್ಡು ತೆಗೆದುಕೊಂಡ ರಿಪೇರಿಯವನನ್ನೇ ಕರೆಸಿ, ಇವತ್ತೇ ಮುಚ್ಚಿಸಿ.