ತಮ್ಮನ ರಿಪೋರ್ಟ್‌ನಲ್ಲಿ ‘ಸ್ಕಿಜೋಫ್ರೇನಿಯಾ 81’ ಅಂತಿದೆ. ಮದುವೆ ನಿಲ್ಲಿಸಬೇಕಾ?

ಪ್ರಶ್ನೆ: ಮೇಡಂ, ನಮ್ಮದು ರಾಣೆಬೆನ್ನೂರು ಕಡೆ ಹಳ್ಳಿ. ತಮ್ಮನಿಗೆ 27 ವರ್ಷ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿದ್ದಾನೆ. ಅಂಗಡಿ ಇಟ್ಟು ಲುಕ್ಸಾನು ಮಾಡಿಕೊಂಡ. ಆಮೇಲೆ ಎರಡು ತಿಂಗಳಿಂದ ನಿದ್ದೆ ಇಲ್ಲ, ಯಾರ ಜೊತೆಗೂ ಮಾತಿಲ್ಲ. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ತೋರಿಸಿದೆವು. ಅಲ್ಲಿ 567 ಪ್ರಶ್ನೆಗಳ ಇಂಗ್ಲಿಷ್ ಪುಸ್ತಕ ಕೊಟ್ಟು ನಿಜ, ಸುಳ್ಳು ಅಂತ ಗುರುತು ಹಾಕಿಸಿದರು. ಶಾಯಿ ಚೆಲ್ಲಿದಂಥ ಚಿತ್ರಗಳನ್ನೂ ತೋರಿಸಿದರಂತೆ. ರಿಪೋರ್ಟ್ ಕೌಂಟರ್‌ನಲ್ಲಿ ಕೊಟ್ಟರು, ಯಾರೂ ಬಿಡಿಸಿ ಹೇಳಲಿಲ್ಲ. ಅದರಲ್ಲಿ ‘ಸ್ಕಿಜೋಫ್ರೇನಿಯಾ 81’ ಅಂತಿದೆ. ‘ಅಕ್ಕಾ, ಅರ್ಧ ಆದಮ್ಯಾಲೆ ಓದಲಾರದ ಗೆರಿ ಹೊಡದೇನಿ’ ಅಂತಾನೆ ತಮ್ಮ. ಮೊಬೈಲ್‌ನಲ್ಲಿ ಇನ್ನೊಂದು ಪರ್ಸನಾಲಿಟಿ ಟೆಸ್ಟ್ ಮಾಡಿ, ಇದೇ ಖರೆ ಅಂತ ತೋರಿಸುತ್ತಾನೆ. ತುಳಸಿ ಲಗ್ನ ಆದ ಮೇಲೆ ಅವನ ಮದುವೆ ಗೊತ್ತಾಗಿದೆ. ಹೆಣ್ಣಿನವರಿಗೆ ರಿಪೋರ್ಟ್ ತೋರಿಸಬೇಕಾ? ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾ ಅಂತ ಅವ್ವ ಅಳುತ್ತಿದ್ದಾಳೆ. ಫೋಟೊ ಕಳಿಸಿದ್ದೇನೆ.
(ಹೆಸರು ಬೇಡ, ಹಾವೇರಿ ಜಿಲ್ಲೆ)

ಉತ್ತರ: ಫೋಟೊ ನೋಡಿದೆ ಅಕ್ಕ. ಸ್ಕಿಜೋಫ್ರೇನಿಯಾ ಅನ್ನುವುದು ಒಂದು ತೀವ್ರ ಮನೋರೋಗದ ಹೆಸರು, ಅದರ ಮುಂದೆ 81 ನೋಡಿ ನೀವು ಗಾಬರಿಯಾಗಿದ್ದೀರಿ. ನಾನು ಮೊದಲು ನೋಡಿದ್ದು ಮೇಲಿನ ಇನ್ನೊಂದು ಸಾಲನ್ನು. ಅಲ್ಲಿ ‘ವಿಆರ್‌ಐಎನ್ 88’ ಅಂತಿದೆ. ತಮ್ಮ ನಿಮ್ಮ ಮುಂದೆ ಒಪ್ಪಿಕೊಂಡಿದ್ದನ್ನೇ ಆ ಸಾಲೂ ಹೇಳುತ್ತಿದೆ: ಈ ಹುಡುಗ ಪ್ರಶ್ನೆ ಓದಿ ಉತ್ತರಿಸಿಲ್ಲ.

ಈ ಪರೀಕ್ಷೆಯ ಹೆಸರು ಎಂಎಂಪಿಐ-2. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಹ್ಯಾಥವೇ ಮತ್ತು ಮೆಕಿನ್ಲಿ ಇದರ ಮೊದಲ ರೂಪವನ್ನು 1943ರಲ್ಲಿ ಹೊರತಂದರು. ನಿಮ್ಮ ತಮ್ಮನಿಗೆ ಕೊಟ್ಟಿದ್ದು 1989ರಲ್ಲಿ ತಿದ್ದಿದ್ದು. ಬರೆಯುವವರು ಸುಳ್ಳು ಹೇಳಬಹುದು, ದಣಿಯಬಹುದು, ಬೇಸತ್ತು ಸುಮ್ನೆ ಗೀಚಬಹುದು ಅಂತ ಇದನ್ನು ಮಾಡಿದವರಿಗೆ ಗೊತ್ತಿತ್ತು. ಅದಕ್ಕೇ ಒಳಗೆ ಕಾವಲು ಇಟ್ಟಿದ್ದಾರೆ. ಹೆಚ್ಚುಕಡಿಮೆ ಒಂದೇ ಅರ್ಥದ, ಇಲ್ಲವೇ ಒಂದಕ್ಕೊಂದು ಎದುರಾದ ಪ್ರಶ್ನೆಗಳ 67 ಜೋಡಿ ಅಲ್ಲಲ್ಲಿ ಹರಡಿರುತ್ತವೆ. ಒಂದು ಕಡೆ ಹೇಳಿದ್ದಕ್ಕೆ ಇನ್ನೊಂದು ಕಡೆ ಹೇಳಿದ್ದು ತಾಳೆಯಾಗದಿದ್ದರೆ ವಿಆರ್‌ಐಎನ್ ಏರುತ್ತದೆ. ಅದು 80 ಮುಟ್ಟಿತು ಅಂದರೆ ಉಳಿದ ಅಂಕಗಳನ್ನು ಓದುವ ಹಾಗೇ ಇಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ತಕ್ಕಡಿಯೇ ಕೆಟ್ಟಿದೆ ಅಂತ ಗೊತ್ತಾದ ಮೇಲೂ ಮೆಣಸಿನಕಾಯಿ ಚೀಲದ ತೂಕ ಬರೆದುಕೊಳ್ಳುತ್ತಾರಾ? ಇನ್ನೊಂದು ಮಾತು. ಓದದೆ ಗೀಚಿದ ಹಾಳೆಗಳಲ್ಲಿ ಜಾಸ್ತಿ ಏರುವ ಅಂಕಗಳಲ್ಲಿ ಈ ‘ಸ್ಕಿಜೋಫ್ರೇನಿಯಾ’ ಅಂಕವೂ ಒಂದು.

ಹಾಳೆ ಸರಿಯಾಗಿದ್ದರೂ 81 ಅಂದರೆ ರೋಗ ಅಂತ ಅಲ್ಲ. ಇಲ್ಲಿ 50 ಸರಾಸರಿ, 65 ದಾಟಿದರೆ ಗಮನ ಕೊಡುತ್ತೇವೆ. ಆದರೆ ಅಳತೆಗಳಿಗೆ ಇಟ್ಟ ಹೆಸರು 1940ರ ದಶಕದವು. ಒಂಟಿತನ, ಯಾರೂ ನನ್ನವರಲ್ಲ ಅನ್ನುವ ಭಾವನೆ ಜೋರಾಗಿದ್ದರೂ ಈ ಅಳತೆ ಏರುತ್ತದೆ. ಹಾಗಾಗಿ ನಾವು ಇದನ್ನು ‘ಎಂಟನೇ ಅಳತೆ’ ಅಂತ ಸಂಖ್ಯೆಯಿಂದಲೇ ಕರೆಯುತ್ತೇವೆ. ರೋಗದ ಹೆಸರಿರುವ ರಿಪೋರ್ಟನ್ನು ಮನೆಯವರ ಕೈಗೆ ಕೌಂಟರ್‌ನಲ್ಲಿ ಕೊಟ್ಟು ಕಳಿಸಿದ್ದು ನನಗೆ ಸಿಟ್ಟು ತರಿಸಿದೆ. ಪಕ್ಕದಲ್ಲಿ ಕೂತು ವಿವರಿಸುವುದು ಪರೀಕ್ಷೆಯ ಭಾಗವೇ.

ಭಾಷೆಯ ತೊಡಕು ಬೇರೆ. ‘ನಿನಗೆ ಹಸಿವಿಲ್ವಾ?’ ಅಂದರೆ ನಾವು ‘ಹೌದು, ಇಲ್ಲ’ ಅನ್ನುತ್ತೇವೆ. ಇಂಗ್ಲಿಷ್‌ನವರು ‘ಇಲ್ಲ’ ಅನ್ನುತ್ತಾರೆ. ‘ನನಗೆ ನಿದ್ದೆಯ ತೊಂದರೆ ಇಲ್ಲ’ ಅನ್ನುವಂಥ ವಾಕ್ಯ ಇಂಗ್ಲಿಷ್‌ನಲ್ಲಿ ಬಂದು, ಅದಕ್ಕೆ ನಿಜವೋ ಸುಳ್ಳೋ ಹೇಳು ಅಂದರೆ ಎರಡು ತಿಂಗಳಿಂದ ನಿದ್ದೆಗೆಟ್ಟವನು ಏನು ಮಾಡಬೇಕು? ‘ಜನ ನನ್ನ ಬಗ್ಗೆ ಮಾತಾಡಿಕೊಳ್ಳುತ್ತಾರೆ’ ಅನ್ನುವಂಥದ್ದು ಬಂದರೆ ಅದು ಅನುಮಾನದ ಲಕ್ಷಣವೂ ಇರಬಹುದು. ಅಂಗಡಿ ಮುಳುಗಿದವನ ಹಳ್ಳಿಯಲ್ಲಿ ಅದು ಅಪ್ಪಟ ನಿಜವೂ ಇರಬಹುದು, ಅಲ್ವಾ? (ಎರಡೂ ವಾಕ್ಯ ನಾನು ಮಾಡಿದ್ದು. ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹಾಕಬಾರದು.) ಮೊದಲ ರೂಪ ಮಾಡುವಾಗ ‘ಸಾಮಾನ್ಯರು’ ಅಂತ ಹೋಲಿಸಿದ್ದು ಹೆಚ್ಚಾಗಿ ಮಿನೆಸೋಟದ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬಂದ ನೆಂಟರಿಷ್ಟರನ್ನು. 1989ರಲ್ಲಿ 2,600 ಜನರನ್ನು ಹೊಸದಾಗಿ ತೆಗೆದುಕೊಂಡರು, ಅವರೂ ಅಮೆರಿಕದವರೇ. ನಮ್ಮ ಕಡೆಯವರ ಅಂಕ ಓದುವಾಗ ಇದು ತಲೆಯಲ್ಲಿರಬೇಕು.

ಶಾಯಿ ಚಿತ್ರಗಳು ಸ್ವಿಟ್ಜರ್ಲೆಂಡ್‌ನ ವೈದ್ಯ ರೋರ್ಶಾಕ್ 1921ರಲ್ಲಿ ಕೊಟ್ಟ 10 ಕಾರ್ಡುಗಳು. ನಾವೂ ಶಾಲೆಯಲ್ಲಿ ಹಾಳೆ ಮಡಚಿ ಶಾಯಿ ಹರಡಿಸಿ ಆಡಿದವರೇ. ಸರಿ ಉತ್ತರ ಅಂತ ಅದರಲ್ಲಿ ಇಲ್ಲ. ಏನು ಕಂಡಿತು ಅನ್ನುವುದರ ಜೊತೆಗೆ, ಕಲೆಯ ಯಾವ ಭಾಗದಲ್ಲಿ, ಆಕಾರದಿಂದಲೋ ಬಣ್ಣದಿಂದಲೋ ಕಂಡಿತು ಅಂತ ಗುರುತು ಹಾಕುತ್ತೇವೆ. ಇದನ್ನು ಎಷ್ಟು ನಂಬಬೇಕು ಅನ್ನುವುದರಲ್ಲಿ ನಮ್ಮಲ್ಲೇ ಜಗಳವಿದೆ. ಇದೊಂದನ್ನೇ ನೆಚ್ಚಿ ನಾನು ರೋಗದ ಹೆಸರು ಬರೆಯುವುದಿಲ್ಲ.

ಮೊಬೈಲ್ ಟೆಸ್ಟ್ ತಮ್ಮನಿಗೆ ಖರೆ ಅನಿಸಿದ್ದು ಸಹಜ. 1948ರಲ್ಲಿ ಫೋರರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ‘ಇದು ನಿನ್ನ ವ್ಯಕ್ತಿತ್ವ’ ಅಂತ ಒಬ್ಬೊಬ್ಬರಿಗೂ ಚೀಟಿ ಕೊಟ್ಟು, ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಹಾಕಿ ಅಂದರು. ಸರಾಸರಿ 4.26 ಬಂತು. ಎಲ್ಲರ ಚೀಟಿಯೂ ಒಂದೇ ಆಗಿತ್ತು! ಆ ಮಾತುಗಳನ್ನು ಅವರು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದರು. ಗಿಳಿಶಾಸ್ತ್ರದವನು ಹೇಳುವುದೂ ಹೀಗೇ ತಾಗುತ್ತದೆ.

ಈಗ ಮದುವೆ ಮಾತು. ಆ ಹಾಳೆಯನ್ನು ಹೆಣ್ಣಿನವರಿಗೆ ಕಳಿಸಬೇಡಿ, ವಾಟ್ಸ್ಆ್ಯಪ್‌ನಲ್ಲಂತೂ ಬೇಡವೇ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕು. ದಾಖಲೆ ಕೇಳಿ ಪಡೆಯುವ ಹಕ್ಕು ನಿಮ್ಮ ತಮ್ಮನಿಗಿದೆ. ಯಾರಿಗೆ ಏನು ಹೇಳಬೇಕು ಅನ್ನುವುದೂ ಅವನದೇ ನಿರ್ಧಾರ. ಹಾಗಂತ ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಏನಾಗಿದೆ ಅಂತ ಖಚಿತವಾದ ಮೇಲೆ ಆ ಹುಡುಗಿಗೆ ಗೊತ್ತಾಗಲೇಬೇಕು, ಅದೂ ಅವನ ಬಾಯಿಂದ. ಎರಡು ತಿಂಗಳು ನಿದ್ದೆ ಇಲ್ಲದವನಿಗೆ ತುಳಸಿ ಲಗ್ನದ ಗಡುವು ಇನ್ನೊಂದು ಭಾರ. ತಾರೀಖು ಮುಂದೂಡೋಣವಾ ಅಂತ ಅವನನ್ನೇ ಕೇಳಿ ನೋಡಿ.

ಅವ್ವನಿಗೆ ಹೀಗೆ ಹೇಳಿ. ‘ನಿನ್ನ ಧಾರವಾಡಕ್ಕ ಹಾಕಬೇಕು’ ಅಂತ ನಮ್ಮ ಕಡೆ ಬೈಯುತ್ತೇವೆ ನಿಜ. ಆದರೆ ಧಾರವಾಡದ ಆ ಆಸ್ಪತ್ರೆಯ, ಅಂದರೆ ಡಿಮ್ಹಾನ್ಸ್‌ನ, ಹೊರರೋಗಿ ವಿಭಾಗದಲ್ಲಿ ನಿದ್ದೆ ಬಾರದವರು, ಪರೀಕ್ಷೆಗೆ ಹೆದರುವ ಮಕ್ಕಳು, ಕುಡಿತ ಬಿಡಬೇಕಾದವರು ತೋರಿಸಿಕೊಂಡು ಸಂಜೆ ಮನೆಗೆ ಹೋಗುತ್ತಾರೆ. ಅಲ್ಲಿಗಾದರೂ ಹೋಗಿ, ಹುಬ್ಬಳ್ಳಿಯ ಅದೇ ಆಸ್ಪತ್ರೆಗಾದರೂ ಹೋಗಿ. ಪರೀಕ್ಷೆ ಮಾಡಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದಾ ಅಂತ ಕೇಳಿ. ಹಾಗೆ ಕೇಳಿದರೆ ತಪ್ಪೇನಿಲ್ಲ. ‘ವಿಆರ್‌ಐಎನ್ 88 ಇದೆಯಲ್ಲ, ಹಾಗಾದರೆ ಇದನ್ನು ಹೇಗೆ ಓದಿದಿರಿ?’ ಅಂತಲೂ ಕೇಳಿ. ಕನ್ನಡದಲ್ಲಿ ಕೂತು ಮಾತಾಡಿಸಲಿ. ಅಂಗಡಿಯ ಕಥೆ ಕೇಳಲಿ, ನಿಮ್ಮಿಂದಲೂ ಕೇಳಲಿ. ಅರ್ಧ ವಾಕ್ಯ ಕೊಟ್ಟು ಪೂರ್ತಿ ಮಾಡಿಸುವ ಪರೀಕ್ಷೆಗಳಿವೆ, ಅವನ್ನು ಕನ್ನಡದಲ್ಲೇ ಮಾಡಿಸಬಹುದು. ದೊಡ್ಡ ಪರೀಕ್ಷೆ ಬೇಕೇ ಆದರೆ ನಿದ್ದೆ ಸುಧಾರಿಸಿದ ಮೇಲೆ ಮಾಡಲಿ. ಖಿನ್ನತೆ ಜೋರಾಗಿರುವಾಗ ಅಳೆದರೆ ಸಿಗುವುದು ಆ ಹೊತ್ತಿನ ಸಂಕಟ. ಅದರಲ್ಲಿ ಅವನ ಸ್ವಭಾವ ಯಾವುದು ಅಂತ ಬಿಡಿಸುವುದು ಕಷ್ಟ.

ಆಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟಿದ್ದರೆ ನಿಲ್ಲಿಸಬೇಡಿ. ಸಾಯುವ ಮಾತೇನಾದರೂ ಆಡಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವನನ್ನು ಒಬ್ಬನೇ ಬಿಡದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ರಾತ್ರಿ ಹೊತ್ತೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.