ಹೊಸನಗರ ಕಡೆ ಒಂಬತ್ತು ಮನೆಯ ನಮ್ಮೂರಿಗೆ ಸಂಸಾರ ಸಮೇತ ವಾಪಸ್ ಹೋಗಬಹುದಾ? ಈಗ ನೆಟ್ ಬಂದಿದೆ

ಕರೆಂಟು, ನೀರು, ಆಸ್ಪತ್ರೆ, ನೆಟ್ ಎಲ್ಲದರ ಬಗ್ಗೆ ಕೇಳಿದ್ದೀರಿ. ನಡುವೆ ಒಂದು ಸಾಲಿದೆ: "ಇಬ್ಬರು ಮಕ್ಕಳನ್ನು ಪೇಟೆಯ ಇಂಗ್ಲಿಷ್ ಮೀಡಿಯಂಗೆ ವ್ಯಾನಲ್ಲಿ ಕಳಿಸ್ತೀವಿ, ಅದೇನೂ ತೊಂದರೆ ಇಲ್ಲ." ನಾನು ಅಲ್ಲೇ ನಿಂತುಬಿಟ್ಟೆ. 2014ರ ಮೇ ತಿಂಗಳಲ್ಲಿ ಇದೇ ಮಾತನ್ನು ನಾನೂ ಹೇಳಿದ್ದೆ.

ನಮ್ಮದೂ ಹೊಸನಗರ ತಾಲ್ಲೂಕೇ, ನಗರ ಅನ್ನುವ ಹೋಬಳಿ. ಆಗ ಹದಿನಾಲ್ಕು ಮನೆ, 58 ಜನ. ಟಾರು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ, ನಡುವೆ ಒಂದು ಹಳ್ಳ, ಅದಕ್ಕೊಂದು ಅಡಕೆ ಮರದ ಸಂಕ, ಅಂದರೆ ಕಾಲುಸೇತುವೆ. ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳು ಮಕ್ಕಳು. ನನ್ನವು ಎರಡು, ಆಚೆಮನೆಯವು ಎರಡು, ಕೆಳಗಿನ ಮನೆಯವು ಎರಡು, ಬಿಸಿಯೂಟ ಮಾಡುವ ಅಕ್ಕನ ಮಗ ಒಬ್ಬ. ಒಬ್ಬರೇ ಮೇಷ್ಟ್ರು. ನೆಂಟರ ಮದುವೆಯಲ್ಲಿ ಭಾವನ ಮಗಳು ಇಂಗ್ಲಿಷಿನಲ್ಲಿ ಪಟಪಟ ಮಾತಾಡಿದ್ದು ಕೇಳಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ವಾರವೇ ಟಿಸಿ ಕೇಳಲು ಹೋದೆ.

ಆ ದಿನದ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ನಿಮಗೆ ಬೇಕಾಗಿದ್ದು ಇರುವುದು ಅದರಲ್ಲೇ. ಮೇಷ್ಟ್ರು ಟಿಸಿ ಪುಸ್ತಕ ತೆಗೆದಿಟ್ಟು ಪೆನ್ನು ಮಾತ್ರ ತೆಗೆಯಲಿಲ್ಲ. "ಇನ್ನೊಂದೇ ವರ್ಷ ತಡೀರಿ. ಮುಂದಿನ ಜೂನಿಗೆ ಅಂಗನವಾಡಿಯಿಂದ ಇಬ್ಬರು ಒಂದನೇ ಕ್ಲಾಸಿಗೆ ಬರ್ತಾರೆ. ಆಮೇಲೆ ಬೇಕಾದ್ರೆ ಕರ್ಕೊಂಡು ಹೋಗಿ" ಅಂದರು. ಅವರಿಗೆ ತಮ್ಮ ಕೆಲಸದ ಚಿಂತೆ ಅಂತ ನಾನು ತಿಳಿದೆ. ಕೆಲಸ ಹೋಗುವ ಭಯವೇ ಅವರಿಗಿರಲಿಲ್ಲ, ಈ ಶಾಲೆ ಮುಚ್ಚಿದರೆ ಇನ್ನೊಂದು ಶಾಲೆಗೆ ಹಾಕುತ್ತಾರೆ ಅಷ್ಟೇ. ಅವರು ಲೆಕ್ಕ ಹಾಕಿದ್ದು ಊರಿನದು. ನಾನು ಹಾಕಿದ್ದು ನನ್ನ ಮನೆಯದು. ಆರುನೂರು ಮಕ್ಕಳ ಶಾಲೆಯಿಂದ ಇಬ್ಬರು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಏಳರಲ್ಲಿ ಇಬ್ಬರು ಹೋದರೆ ಉಳಿದ ಐವರ ಅಪ್ಪ-ಅಮ್ಮ ರಾತ್ರಿ ಕೂತು ಮಾತಾಡುತ್ತಾರೆ. ಆ ಮಾತನ್ನು ನಾನು ಮೊದಲೇ ಅವರ ಜಗಲಿಗೆ ಹೋಗಿ ಆಡಬೇಕಿತ್ತು. ಮೂರೇ ಮನೆ. ಒಂದು ಸಂಜೆ ಸಾಕಿತ್ತು. ನಾಲ್ಕು ಮನೆಯವರು ಕೂಡಿ ಪೇಟೆಯಿಂದ ಒಬ್ಬ ಟೀಚರನ್ನು ಶನಿವಾರ-ಭಾನುವಾರ ಕರೆಸಿ ಇಂಗ್ಲಿಷ್ ಹೇಳಿಸಿದ್ದರೆ ನಾನು ಒಬ್ಬನೇ ಕಟ್ಟಿದ ವ್ಯಾನಿನ ದುಡ್ಡಿಗಿಂತ ಕಡಿಮೆ ಆಗುತ್ತಿತ್ತು. ಇದು ನನಗೆ ಹೊಳೆದದ್ದು ಐದು ವರ್ಷ ಆದ ಮೇಲೆ.

ಬಿಸಿಯೂಟದ ಲೆಕ್ಕ ನೋಡಿ: ಕಿರಿಯ ಪ್ರಾಥಮಿಕದ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ. ಅಕ್ಕ ಒಂದು ಸ್ಟೀಲ್ ಲೋಟಕ್ಕೆ ಉಗುರಲ್ಲಿ ಗೆರೆ ಹಾಕಿಕೊಂಡಿದ್ದಳು, ಗೆರೆವರೆಗೆ ಒಂದು ಮಗು. ಏಳು ಲೋಟ ಐದಾಯಿತು. ಅದೇ ಬೇಸಿಗೆಯಲ್ಲಿ ಆಚೆಮನೆಯವರೂ ನನ್ನ ಮಕ್ಕಳ ವ್ಯಾನಿಗೇ ಹಾಕಿದರು, ಮೂರಾಯಿತು. ಅಂಗನವಾಡಿಯ ಆ ಇಬ್ಬರು ಮುಂದಿನ ವರ್ಷ ಬರಲೇ ಇಲ್ಲ, ಮೂರು ಮಕ್ಕಳ ಶಾಲೆಗೆ ಯಾರು ಸೇರಿಸುತ್ತಾರೆ? ಶಾಲೆಯನ್ನು ನಾಲ್ಕು ಕಿಲೋಮೀಟರ್ ಆಚೆಯ ಶಾಲೆಗೆ ಸೇರಿಸಿದರು. ಒಂದು ಕಿಲೋಮೀಟರ್ ಒಳಗೆ ಪ್ರಾಥಮಿಕ ಶಾಲೆ ಇರಬೇಕು ಅಂತ ನಿಯಮ ಇದೆ, ಆದರೆ ಕಲಿಯುವ ಮಕ್ಕಳೇ ಇಲ್ಲದಿದ್ದರೆ ಅದನ್ನು ಹಿಡಿದು ಕೇಳುವವರೂ ಇರುವುದಿಲ್ಲ. ಅಕ್ಕನ ಕೆಲಸ ಹೋಯಿತು, ಅವಳ ಸಂಸಾರ ರಿಪ್ಪನ್‌ಪೇಟೆ ಕಡೆ ತವರಿಗೆ ಹೋಯಿತು. ಕೆಳಗಿನ ಮನೆಯವರು ಪೇಟೆಯಲ್ಲಿ ಬಾಡಿಗೆ ಹಿಡಿದರು. ಮಳೆಗಾಲದಲ್ಲಿ ಸಂಕ ದಾಟಿ ವ್ಯಾನಿಗೆ ಮಕ್ಕಳನ್ನು ಬಿಡುವುದು ಆಗದೆ 2016ರಲ್ಲಿ ನಾವೂ ಹೊರಟೆವು.

2019ರ ಜುಲೈನಲ್ಲಿ ಅಡಕೆ ತೋಟಕ್ಕೆ ಕೊಳೆರೋಗದ ಬೋರ್ಡೋ ಔಷಧಿ ಎರಡನೇ ಸಲ ಹೊಡೆಸಲು ಊರಿಗೆ ಬಂದಿದ್ದೆ. ಪಕ್ಕದ ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು, ಸೊಂಟ. 108 ಆಂಬುಲೆನ್ಸ್ ಟಾರು ರಸ್ತೆಗೆ ಬಂದು ನಿಂತಿತ್ತು. ಪ್ಲಾಸ್ಟಿಕ್ ಕುರ್ಚಿಯ ಕೈಗಳ ಅಡಿಗೆ ಎರಡು ಬಿದಿರು ಕಟ್ಟಿ ಹೊರಬೇಕು, ಅದಕ್ಕೆ ನಾಲ್ಕು ಹೆಗಲು ಬೇಕು. ಊರಲ್ಲಿ ಹೊರುವ ಶಕ್ತಿ ಇದ್ದವರು ನನ್ನನ್ನೂ ಸೇರಿಸಿ ಮೂರು ಜನ. ಹಿಂದೆ ಇಬ್ಬರು, ಮುಂದೆ ನಾನೊಬ್ಬನೇ ಎರಡು ಬಿದಿರನ್ನೂ ಹಿಡಿದೆ. ಸಂಕದ ಮೇಲೆ ಕುರ್ಚಿ ವಾಲಿದಾಗ ಅಜ್ಜಿ ನನ್ನ ತಲೆಕೂದಲು ಹಿಡಿದುಕೊಂಡರು. ಎರಡು ಕಿಲೋಮೀಟರಿಗೆ ಎರಡು ತಾಸು. ಕಾಲಿನ ತುಂಬ ಇಂಬಳ, ರಕ್ತ ಹೀರುವ ಜಿಗಣೆ. ನಾಲ್ಕನೇ ಹೆಗಲು ಅಕ್ಕನ ಗಂಡನದು ಆಗಬೇಕಿತ್ತು, ಆ ದಾರಿಯುದ್ದಕ್ಕೂ ಅದೇ ಯೋಚನೆ. ಅಜ್ಜಿ ಬದುಕಿದರು, ಮತ್ತೆ ನಡೆಯಲಿಲ್ಲ. ಮಗಳ ಮನೆಗೆ ಹೋದರು, ಆ ಮನೆಗೂ ಬೀಗ ಬಿತ್ತು.

ಹಾಗಾಗಿ ಸೌಕರ್ಯ ಏನೇನಿದೆ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ನಮ್ಮಂಥ ಊರಲ್ಲಿ ಸೌಕರ್ಯ ಅಂದರೆ ಜನ. ರಸ್ತೆಯನ್ನೇ ತಗೊಳ್ಳಿ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಗೆ ಬಯಲಲ್ಲಿ 500 ಜನ ಇರಬೇಕು, ಗುಡ್ಡಗಾಡು ರಾಜ್ಯವಾದರೆ 250. ಕರ್ನಾಟಕ ಆ ರಾಜ್ಯಗಳ ಪಟ್ಟಿಯಲ್ಲಿಲ್ಲ. ಮಲೆನಾಡಿನ ಗುಡ್ಡಕ್ಕೂ ಬಯಲುಸೀಮೆಯ ಲೆಕ್ಕ ಹಾಕುವುದು ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ. ಮಂಗನ ಕಾಯಿಲೆಯೂ ಹಾಗೇ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗೊತ್ತಾದ, ಉಣ್ಣೆಯಿಂದ ಹರಡುವ ಜ್ವರ, ಈಗಲೂ ಬೇಸಿಗೆ ಬಂತೆಂದರೆ ನಮಗೆ ಭಯ. ಕಾಡಲ್ಲಿ ಮಂಗ ಸತ್ತು ಬಿದ್ದರೆ ಅದೇ ಕಾಯಿಲೆಯ ಸುಳಿವು, ಅದನ್ನು ಮೊದಲು ನೋಡುವವರು ದರಗಿಗೆ (ಒಣಗಿದ ಎಲೆಗೆ), ಸೊಪ್ಪಿಗೆ ಹೋಗುವವರು. ಹೋಗುವವರೇ ಇಲ್ಲದ ಊರಲ್ಲಿ ಅದನ್ನು ಆಸ್ಪತ್ರೆಗೆ ತಿಳಿಸುವವರು ಯಾರು?

ನಿಮ್ಮೂರಲ್ಲಿ 212 ಜನ ಅಂತ 2011ರ ಗಣತಿಯ ಲೆಕ್ಕ ಕೊಟ್ಟಿದ್ದೀರಿ. ಅದು ಇಡೀ ಕಂದಾಯ ಗ್ರಾಮದ್ದು. ನಮ್ಮಲ್ಲಿ ಒಂದು ಗ್ರಾಮ ಅಂದರೆ ಗುಡ್ಡಕ್ಕೊಂದು, ಹಳ್ಳಕ್ಕೊಂದು ಮಜರೆ, ಅಂದರೆ ಕೆಲವೇ ಮನೆಯ ಸಣ್ಣ ಊರು. ನಿಮ್ಮ ಒಂಬತ್ತು ಮನೆಯಲ್ಲಿ ಎಷ್ಟಿದ್ದಾರೆ ಅನ್ನುವುದು ಅದರಲ್ಲಿ ಸಿಗುವುದಿಲ್ಲ. 2021ರ ಗಣತಿ ನಡೆಯಲೂ ಇಲ್ಲ. ಮುಂದಿನದು 2027ರ ಮಾರ್ಚ್ 1ರ ಲೆಕ್ಕದ್ದು.

ನನ್ನ ಮಾತು ಹೀಗೆ. ಅಪ್ಪ-ಅಮ್ಮನನ್ನು ನೋಡಿಕೊಳ್ಳಲು ಮಾತ್ರ ಹೋಗುವುದಾದರೆ ಹೋಗಬೇಡಿ, ಅವರನ್ನೇ ಹೊಸನಗರಕ್ಕೆ ಕರೆತನ್ನಿ. ವಾರಕ್ಕೆ ಎರಡು ದಿನ ಬಂದುಹೋಗುವ ಆಲೋಚನೆಯೂ ಬೇಡ, ಅದರಿಂದ ಊರಿಗೆ ಒಂದು ಹೆಗಲೂ ಸಿಗುವುದಿಲ್ಲ. ಹೋಗುವುದೇ ಆದರೆ ಪೂರ್ತಿ ಹೋಗಿ. ಮಕ್ಕಳನ್ನು ಊರ ಶಾಲೆಗೇ ಸೇರಿಸಿ, ಅಲ್ಲಿ ನಾಲ್ಕೇ ಮಕ್ಕಳಿದ್ದರೂ. ನೀವು ಹೇಳಿದಂತೆ ಅಲ್ಲಿ ಇನ್ನೂ ಶಾಲೆ ಇದೆ. ನಿಮ್ಮ ಇಬ್ಬರು ಸೇರಿದರೆ ಆರಾಗುತ್ತದೆ. ಟಿಸಿ ತರುವ ಮೊದಲು ಮಕ್ಕಳಿರುವ ಪ್ರತಿ ಮನೆಯ ಜಗಲಿಯಲ್ಲಿ ಒಂದೊಂದು ಸಂಜೆ ಕೂತು ಬನ್ನಿ. ಎಲೆಚುಕ್ಕಿ ರೋಗ ನಮ್ಮ ಕಡೆ ಅಡಕೆ ತೋಟಗಳನ್ನು ತಿಂದುಹಾಕುತ್ತಿದೆ, ತೋಟದ ಆದಾಯ ನಂಬಿ ಕೆಲಸ ಬಿಡಬೇಡಿ.

ನಾನು 2021ರಲ್ಲಿ ವಾಪಸ್ ಬಂದೆ. ಮಕ್ಕಳು ದೊಡ್ಡವರಾಗಿದ್ದಾರೆ, ಶಿವಮೊಗ್ಗದಲ್ಲಿದ್ದಾರೆ. ಶಾಲೆಯ ಕಟ್ಟಡದಲ್ಲಿ ಈಗ ಯಾರೋ ಅಡಕೆ ಸಿಪ್ಪೆ ಒಣಹಾಕುತ್ತಾರೆ. ನೀವು ನಿರ್ಧಾರ ಮಾಡುವ ಮುಂಚೆ ಆಗಸ್ಟಿನಲ್ಲಿ ಒಂದು ವಾರ ಊರಲ್ಲಿ ಇದ್ದು ನೋಡಿ, ಬೇಸಿಗೆ ರಜೆಯಲ್ಲಿ ನೋಡಿದರೆ ಎಲ್ಲ ಮನೆಯೂ ತುಂಬಿರುತ್ತದೆ. ರಾತ್ರಿ ಎಂಟಕ್ಕೆ ಛತ್ರಿ ಹಿಡಿದು ಅಂಗಳದ ಕೊನೆಗೆ ಬಂದು ಎಷ್ಟು ಮನೆಯಲ್ಲಿ ದೀಪ ಕಾಣುತ್ತದೆ ಎಣಿಸಿ. ನಮ್ಮಲ್ಲಿ ನಿನ್ನೆ ರಾತ್ರಿ ಐದು.